ಮೋಟಾರ್‌ಹೋಮ್ ವಾಟರ್ ಹೀಟರ್

ಮೋಟಾರ್‌ಹೋಮ್ ವಾಟರ್ ಹೀಟರ್ ಎಂಬುದು ವಾಸಕ್ಕೆ ತಕ್ಕಂತೆ ಸಜ್ಜುಗೊಳಿಸಿದ ವಾಹನಗಳಲ್ಲಿ ಸ್ನಾನಕ್ಕೂ ಅಡುಗೆಮನೆಗೂ ಬಿಸಿನೀರು ಒದಗಿಸುವ ಸಾಧನ. ಉತ್ತರ ಅಮೆರಿಕದ ಮೋಟಾರ್‌ಹೋಮ್‌ಗಳಲ್ಲಿ ಮತ್ತು ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್‌ಗಳಲ್ಲಿ ಇದು ಸಾಮಾನ್ಯವಾಗಿ 6 ಅಥವಾ 10 ಗ್ಯಾಲನ್, ಎಂದರೆ ಸುಮಾರು 23 ಅಥವಾ 38 ಲೀಟರ್ ನೀರು ಹಿಡಿಯುವ ಮುಚ್ಚಿದ ತೊಟ್ಟಿಯಾಗಿರುತ್ತದೆ. ನೀರು ಪ್ರೊಪೇನ್ ಅನಿಲದ ಉರಿಯಿಂದ, ವಿದ್ಯುತ್ ಕಾಯಿಲ್‌ನಿಂದ ಅಥವಾ ಎರಡರಿಂದಲೂ ಕಾಯುತ್ತದೆ.

ಮನೆಯ ಸ್ನಾನಗೃಹದ ಗೀಸರ್‌ಗೂ ಇದಕ್ಕೂ ತತ್ತ್ವದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಇದು ರಸ್ತೆಯ ಕುಲುಕಾಟವನ್ನು, ಊರಿನಿಂದ ಊರಿಗೆ ಬದಲಾಗುವ ನೀರಿನ ಗುಣವನ್ನು, ತಿಂಗಳುಗಟ್ಟಲೆ ಬಳಕೆಯಿಲ್ಲದೆ ನಿಲ್ಲುವುದನ್ನು ಮತ್ತು ಚಳಿಗಾಲದ ಹಿಮಗಟ್ಟುವಿಕೆಯನ್ನು ಎದುರಿಸಬೇಕಾಗುತ್ತದೆ. ವರ್ಷಕ್ಕೊಮ್ಮೆ ಕೆಲವು ನಿಮಿಷಗಳ ಆರೈಕೆ ಪಡೆದ ಹೀಟರ್ ದೀರ್ಘಕಾಲ ಬಾಳುತ್ತದೆ. ಆರೈಕೆಯಿಲ್ಲದ ಉಕ್ಕಿನ ತೊಟ್ಟಿ ಕೆಲವೇ ವರ್ಷಗಳಲ್ಲಿ ತೂತಾಗಿ, ಇಡೀ ಸಾಧನವನ್ನೇ ಬದಲಿಸಬೇಕಾಗಬಹುದು.

ರಚನೆ

ಹೀಟರನ್ನು ವಾಹನದ ಪಕ್ಕದ ಗೋಡೆಯಲ್ಲಿ ಕೂರಿಸಿ, ಹೊರಮುಖಕ್ಕೆ ಜಾಲರಿಯುಳ್ಳ ಲೋಹದ ಬಾಗಿಲು ಇಡಲಾಗುತ್ತದೆ. ಬರ್ನರ್, ಅನಿಲ ಕವಾಟ, ಹೊಗೆ ಹೋಗುವ ಬಾಯಿ, ಸುರಕ್ಷಾ ಕವಾಟ ಮತ್ತು ನೀರು ಬರಿದು ಮಾಡುವ ತೂತು ಈ ಬಾಗಿಲಿನ ಹಿಂದೆ ಇರುತ್ತವೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರುತ್ತದೆ, ಹೊಗೆ ಹೊರಕ್ಕೇ ಹೋಗುತ್ತದೆ. ತಣ್ಣೀರು ಮತ್ತು ಬಿಸಿನೀರಿನ ಕೊಳವೆಗಳು ಮಾತ್ರ ಹಿಂಬದಿಯಲ್ಲಿ, ವಾಹನದ ಒಳಗೆ ಇರುತ್ತವೆ.

ಅಮೆರಿಕದಲ್ಲಿ ಎರಡು ಬಗೆಯ ತೊಟ್ಟಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಟೆನೆಸಿ ರಾಜ್ಯದ ಡೇಟನ್‌ನ ಸಬರ್ಬನ್ ಕಂಪನಿಯ ತೊಟ್ಟಿ ಉಕ್ಕಿನದು. ಅದರ ಒಳಮೈಗೆ ಪಿಂಗಾಣಿಯ ಲೇಪವಿರುತ್ತದೆ. 2014ರಲ್ಲಿ ಡೊಮೆಟಿಕ್ ಕಂಪನಿಯ ವಶಕ್ಕೆ ಬಂದ ಆಟ್‌ವುಡ್‌ನ ತೊಟ್ಟಿ ಅಲ್ಯೂಮಿನಿಯಂನದು. ಯಾವ ತೊಟ್ಟಿ ಇದೆಯೆಂದು ತಿಳಿಯದೆ ನಿರ್ವಹಣೆಗೆ ಕೈಹಾಕುವುದು ಸರಿಯಲ್ಲ, ಏಕೆಂದರೆ ಒಂದಕ್ಕೆ ಅತ್ಯಗತ್ಯವಾದ ಆನೋಡ್ ದಂಡ ಇನ್ನೊಂದಕ್ಕೆ ಬೇಡವಾದ ವಸ್ತು.

ಕೆಲಸ ಮಾಡುವ ಬಗೆ

ಅನಿಲದಿಂದ ಕಾಯುವಾಗಲೂ ಹೀಟರ್‌ಗೆ ವಾಹನದ 12 ವೋಲ್ಟ್ ಬ್ಯಾಟರಿಯ ವಿದ್ಯುತ್ ಬೇಕು. ಒಳಗಿನ ಸ್ವಿಚ್ ಹಾಕಿದಾಗ ವಿದ್ಯುತ್ತು ಥರ್ಮೋಸ್ಟಾಟ್ ಮತ್ತು ಮಿತಿಮೀರಿದ ತಾಪವನ್ನು ತಡೆಯುವ ಸ್ವಿಚ್‌ನ ಮೂಲಕ ಹಾದು ನಿಯಂತ್ರಣ ಫಲಕವನ್ನು ತಲುಪುತ್ತದೆ. ಫಲಕವು ಅನಿಲ ಕವಾಟವನ್ನು ತೆರೆದು, ಅದೇ ವೇಳೆಗೆ ಎಲೆಕ್ಟ್ರೋಡ್‌ನ ತುದಿಯಲ್ಲಿ ಕಿಡಿ ಹಾರಿಸುತ್ತದೆ. ಉರಿ ಹೊತ್ತಿದರೆ ಆ ಉರಿಯ ಮೂಲಕವೇ ಅತಿ ಸಣ್ಣ ವಿದ್ಯುತ್ಪ್ರವಾಹ ಹರಿಯುತ್ತದೆ. ಫಲಕವು ಅದನ್ನು ಗುರುತಿಸಿ ಕವಾಟವನ್ನು ತೆರೆದೇ ಇಡುತ್ತದೆ. ಕೆಲವು ಸೆಕೆಂಡುಗಳಲ್ಲಿ ಉರಿ ಕಾಣದಿದ್ದರೆ ಅನಿಲವನ್ನು ನಿಲ್ಲಿಸಿ, ಒಳಗಿನ ಕೆಂಪು ದೀಪವನ್ನು ಬೆಳಗಿಸುತ್ತದೆ. ಮೂರು ಬಾರಿ ಪ್ರಯತ್ನಿಸಿದ ನಂತರವೇ ಕೈಬಿಡುವ ಫಲಕಗಳೂ ಇವೆ.

ನೀರು ಸುಮಾರು 54 ಡಿಗ್ರಿ ಸೆಲ್ಸಿಯಸ್ ತಲುಪಿದಾಗ, ಕೆಲವು ಮಾದರಿಗಳಲ್ಲಿ 60 ಡಿಗ್ರಿ ತಲುಪಿದಾಗ, ಥರ್ಮೋಸ್ಟಾಟ್ ಉರಿಯನ್ನು ಆರಿಸುತ್ತದೆ. ಥರ್ಮೋಸ್ಟಾಟ್ ಕೆಟ್ಟು ತಾಪ ಏರುತ್ತಲೇ ಹೋದರೆ ಸುಮಾರು 82 ಡಿಗ್ರಿಯಲ್ಲಿ ಮಿತಿ ಸ್ವಿಚ್ ಕಡಿದುಕೊಳ್ಳುತ್ತದೆ. ಅದೂ ಕೈಕೊಟ್ಟರೆ ಉಳಿಯುವುದು ಸುರಕ್ಷಾ ಕವಾಟವೊಂದೇ.

ಸಬರ್ಬನ್‌ನ 6 ಗ್ಯಾಲನ್ ಮಾದರಿಯ ಬರ್ನರ್ ಗಂಟೆಗೆ 12,000 ಬಿಟಿಯು, ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ನೀಡುತ್ತದೆ. ವಿದ್ಯುತ್ ಕಾಯಿಲ್ 1,440 ವ್ಯಾಟ್‌ನದು. 15 ಡಿಗ್ರಿಯ 23 ಲೀಟರ್ ನೀರನ್ನು ಕಾಯಿಲ್ ಒಂದರಿಂದಲೇ 54 ಡಿಗ್ರಿಗೆ ಏರಿಸಲು ಮುಕ್ಕಾಲು ಗಂಟೆಯಷ್ಟು ಬೇಕು. ಅನಿಲದ ಶಾಖದಲ್ಲಿ ಒಂದಂಶ ಹೊಗೆಯೊಡನೆ ಹೊರಹೋದರೂ ಅದು ಕಾಯಿಲ್‌ಗಿಂತ ಬೇಗ ಕಾಯಿಸುತ್ತದೆ.

ಆನೋಡ್ ದಂಡ

ನೀರು, ಆಮ್ಲಜನಕ ಮತ್ತು ಕರಗಿದ ಲವಣಗಳು ಸೇರಿದಲ್ಲಿ ಉಕ್ಕು ತುಕ್ಕು ಹಿಡಿಯುತ್ತದೆ. ಪಿಂಗಾಣಿ ಲೇಪ ಇದನ್ನು ತಡೆಯುತ್ತದೆಯಾದರೂ ಬೆಸುಗೆಯ ಜಾಗಗಳಲ್ಲಿ, ಕೂದಲೆಳೆಯಂಥ ಬಿರುಕುಗಳಲ್ಲಿ ಉಕ್ಕು ನೀರಿಗೆ ತೆರೆದೇ ಇರುತ್ತದೆ. ಅಲ್ಲಿ ರಕ್ಷಣೆ ಕೊಡುವುದು ತೊಟ್ಟಿಯೊಳಗೆ ಚಾಚಿಕೊಂಡಿರುವ, ಸುಮಾರು ಒಂದು ಗೇಣು ಉದ್ದದ ಮೆಗ್ನೀಸಿಯಂ ದಂಡ. ಮೆಗ್ನೀಸಿಯಂನ ಪ್ರಮಾಣಿತ ಎಲೆಕ್ಟ್ರೋಡ್ ವಿಭವ −2.37 ವೋಲ್ಟ್, ಕಬ್ಬಿಣದ್ದು −0.44 ವೋಲ್ಟ್. ಎರಡೂ ಒಂದೇ ನೀರಿನಲ್ಲಿ ಪರಸ್ಪರ ತಗುಲಿಕೊಂಡಿದ್ದಾಗ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಮೆಗ್ನೀಸಿಯಂ ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ದಂಡ ಸವೆದಿದೆ ಎಂದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ವರ್ಷಗಳ ಬಳಕೆಯ ನಂತರವೂ ಹೊಸದರಂತೆ ಇರುವ ದಂಡವೇ ಅನುಮಾನಕ್ಕೆ ಎಡೆಮಾಡುತ್ತದೆ. ಕರ್ನಾಟಕದ ಮನೆಗಳ ಸ್ಟೋರೇಜ್ ಗೀಸರ್‌ಗಳಲ್ಲಿಯೂ ಇಂಥದೇ ದಂಡವಿರುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಕಡೆಗಳಲ್ಲಿ ಗೀಸರ್ ರಿಪೇರಿಯವರು ಕಾಯಿಲ್‌ನ ಜೊತೆಗೆ ಅದನ್ನೂ ಬದಲಿಸುವುದುಂಟು.

ಸಬರ್ಬನ್ ಹೀಟರ್‌ನಲ್ಲಿ ಈ ದಂಡವೇ ನೀರು ಬರಿದು ಮಾಡುವ ತೂತಿನ ಬಿರಡೆಯೂ ಆಗಿದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡಬೇಕು. ಮುಕ್ಕಾಲು ಭಾಗ ಸವೆದಿದ್ದರೆ, ಅಥವಾ ನಡುವಿನ ಉಕ್ಕಿನ ತಂತಿ ಕಾಣುತ್ತಿದ್ದರೆ ಬದಲಿಸಬೇಕು. ಹೊಸ ದಂಡದ ಮರೆಗಳಿಗೆ ಟೆಫ್ಲಾನ್ ಟೇಪನ್ನು ಎರಡು ಮೂರು ಸುತ್ತು ಸುತ್ತಿ, ಮೊದಲು ಕೈಯಿಂದಲೇ ತಿರುಗಿಸಿ ಹಾಕುವುದು ಒಳ್ಳೆಯದು. ಆರಂಭದಲ್ಲೇ ಸ್ಪಾನರ್ ಬಳಸಿದರೆ ಮರೆ ಅಡ್ಡವಾಗಿ ಕೂತು ತೊಟ್ಟಿಯ ತೂತೇ ಹಾಳಾಗಬಹುದು. ದಂಡದ ಬೆಲೆ ತೊಟ್ಟಿಯ ಬೆಲೆಯ ಒಂದು ಸಣ್ಣ ಅಂಶ. ಅದಿಲ್ಲದೆ ಬರಿಯ ಬಿರಡೆ ಹಾಕಿ ಬಳಸಿದ ತೊಟ್ಟಿಗೆ ತಯಾರಕರ ಖಾತರಿಯೂ ಅನ್ವಯಿಸುವುದಿಲ್ಲ.

ಆಟ್‌ವುಡ್‌ನ ಅಲ್ಯೂಮಿನಿಯಂ ತೊಟ್ಟಿಯ ಒಳಮೈಯಲ್ಲಿ ಸತು ಬೆರೆತ ಅಲ್ಯೂಮಿನಿಯಂನ ಪದರವಿದ್ದು, ಮೂಲಲೋಹಕ್ಕಿಂತ ಮೊದಲು ಅದು ಸವೆಯುತ್ತದೆ. ಆದ್ದರಿಂದ ಇದಕ್ಕೆ ಆನೋಡ್ ದಂಡವಿಲ್ಲ; ತೂತನ್ನು ಮುಚ್ಚುವುದು ನೈಲಾನ್ ಬಿರಡೆ. ನೈಲಾನ್ ಬೇಗ ಹಾಳಾಗುವ ವಸ್ತು ಎಂದು ಹಿತ್ತಾಳೆಯದನ್ನೋ ಉಕ್ಕಿನದನ್ನೋ ಹಾಕುವವರಿದ್ದಾರೆ. ಆದರೆ ಅಲ್ಯೂಮಿನಿಯಂನ ಮೆತ್ತನೆಯ ಮರೆಗಳನ್ನು ಉಳಿಸುವುದಕ್ಕಾಗಿಯೇ ಇಲ್ಲಿ ನೈಲಾನನ್ನು ಆರಿಸಲಾಗಿದೆ.

ಬರಿದು ಮಾಡುವುದು ಮತ್ತು ತೊಳೆಯುವುದು

ಬಿರಡೆ ಬಿಚ್ಚುವ ಮೊದಲು ಅನಿಲ ಮತ್ತು ವಿದ್ಯುತ್ ಎರಡನ್ನೂ ನಿಲ್ಲಿಸಿ, ನೀರು ತಣ್ಣಗಾಗಲು ಕೆಲವು ಗಂಟೆ ಬಿಡಬೇಕು. ನಂತರ ನೀರಿನ ಪಂಪು ಮತ್ತು ಹೊರಗಿನ ನೀರಿನ ಸಂಪರ್ಕವನ್ನು ನಿಲ್ಲಿಸಿ, ಒಳಗಿನ ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡ ಇಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಬಿರಡೆಯ ಹಿಂದೆಯೇ ನೀರು ರಭಸದಿಂದ ಚಿಮ್ಮುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು.

ತೂತು ತೊಟ್ಟಿಯ ತಳಕ್ಕಿಂತ ತುಸು ಮೇಲಿರುವುದರಿಂದ ಎಲ್ಲ ನೀರು ತಾನಾಗಿ ಹೊರಬರುವುದಿಲ್ಲ. ಸುಮಾರು 2 ಲೀಟರ್ ಉಳಿಯುತ್ತದೆ. ಸುಣ್ಣದ ಚೂರು, ಸವೆದ ದಂಡದ ಬಿಳಿ ಪುಡಿ, ಮರಳು ಸೇರಿಕೊಳ್ಳುವುದು ಆ ಉಳಿದ ನೀರಿನಲ್ಲೇ. ಬಾಗಿದ ತುದಿಯ ಸಣ್ಣ ಕೊಳವೆಯನ್ನು ತೂತಿನೊಳಗೆ ತೂರಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಚಿಮ್ಮಿಸಿ ತೊಳೆಯಬೇಕು.

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟ್ ಆಗಿ ಗಟ್ಟಿಕಟ್ಟುತ್ತದೆ. ಹೀಗೆ ಕಟ್ಟಿದ ಪದರ ಶಾಖವನ್ನು ಸರಿಯಾಗಿ ಹಾಯಗೊಡುವುದಿಲ್ಲ. ಕಾಯಿಲ್‌ನ ಮೇಲೆ ಕಟ್ಟಿದರೆ ಕಾಯಿಲ್ ತಾನೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಹೀಟರ್ ಕಾಯುವಾಗ ತೊಟ್ಟಿಯೊಳಗಿಂದ ಚಟಪಟ ಸದ್ದು ಬಂದರೆ ಪದರ ದಪ್ಪಗಾಗಿದೆಯೆಂದು ತಿಳಿಯಬಹುದು. ಅಲ್ಯೂಮಿನಿಯಂ ತೊಟ್ಟಿಗೆ ಆಟ್‌ವುಡ್ ಸೂಚಿಸುವುದು ಎರಡು ಪಾಲು ವಿನೆಗರ್, ಒಂದು ಪಾಲು ನೀರಿನ ಮಿಶ್ರಣ. ಅದನ್ನು ತುಂಬಿ, ಕೆಲವು ಬಾರಿ ಕಾಯಿಸಿ, ಬರಿದು ಮಾಡಿ, ಶುದ್ಧ ನೀರಿನಿಂದ ತೊಳೆಯಬೇಕು. ಉಕ್ಕಿನ ತೊಟ್ಟಿಗೆ ವಿನೆಗರ್ ಹಾಕುವುದಾದರೆ ಆನೋಡ್ ದಂಡವನ್ನು ತೆಗೆದು ತಾತ್ಕಾಲಿಕ ಬಿರಡೆ ಹಾಕಿಕೊಳ್ಳಬೇಕು, ಇಲ್ಲವಾದರೆ ಆಮ್ಲವು ದಂಡವನ್ನೇ ಮೊದಲು ತಿನ್ನುತ್ತದೆ.

ಸುರಕ್ಷಾ ಕವಾಟ

ಬಚ್ಚಲುಮನೆಯ ಹಂಡೆಯಲ್ಲಿ ನೀರು ಎಷ್ಟೇ ಕುದಿದರೂ ಆವಿಗೆ ಮೇಲೆ ಬಾಯಿ ತೆರೆದಿರುತ್ತದೆ. ಮುಚ್ಚಿದ ತೊಟ್ಟಿಗೆ ಅಂಥ ಬಾಯಿ ಇಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ದ್ರವವಾಗಿಯೇ ಇರುತ್ತದೆ. ತೊಟ್ಟಿ ಒಡೆದ ಕ್ಷಣ ಒತ್ತಡ ಇಳಿದು, ಅದರ ಒಂದು ಭಾಗ ಒಮ್ಮೆಲೇ ಆವಿಯಾಗಿ ಸಾವಿರದ ಆರುನೂರು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಈ ಸ್ಫೋಟವನ್ನು ತಪ್ಪಿಸಲು ಇರುವುದೇ ಒತ್ತಡ ಮತ್ತು ತಾಪಮಾನ ಎರಡಕ್ಕೂ ಸ್ಪಂದಿಸುವ ಕವಾಟ. ಒತ್ತಡ ಚದರ ಇಂಚಿಗೆ 150 ಪೌಂಡ್ ಅಥವಾ ತಾಪ ಸುಮಾರು 99 ಡಿಗ್ರಿ ಮುಟ್ಟಿದರೆ ಅದು ತೆರೆದುಕೊಳ್ಳುತ್ತದೆ.

ಇದರಿಂದ ನೀರು ತೊಟ್ಟಿಕ್ಕುವುದು ಬಹಳ ಮಂದಿ ಬಳಕೆದಾರರ ದೂರು. ಹೆಚ್ಚಿನ ಸಂದರ್ಭಗಳಲ್ಲಿ ಕವಾಟ ಕೆಟ್ಟಿರುವುದಿಲ್ಲ. 23 ಲೀಟರ್ ನೀರು 15 ಡಿಗ್ರಿಯಿಂದ 54 ಡಿಗ್ರಿಗೆ ಕಾದಾಗ ಸುಮಾರು 300 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಮನೆಗಳಲ್ಲಿ ಈ ಹೆಚ್ಚುವರಿ ನೀರು ತಣ್ಣೀರಿನ ಕೊಳವೆಗೆ ಹಿಂದಿರುಗಬಹುದು. ಮೋಟಾರ್‌ಹೋಮಿನ ಪಂಪಿನಲ್ಲಿಯೂ ಕೊಳವೆಯಲ್ಲಿಯೂ ನೀರು ಹಿಂದಕ್ಕೆ ಹರಿಯದಂತೆ ಕವಾಟಗಳಿರುವುದರಿಂದ ಅದು ಸಾಧ್ಯವಿಲ್ಲ. ಹಿಗ್ಗಿದ ನೀರಿಗೆ ಜಾಗ ಕೊಡುವುದು ತೊಟ್ಟಿಯ ನೆತ್ತಿಯಲ್ಲಿ ಉಳಿಯುವ ಗಾಳಿ. ಆ ಗಾಳಿ ತಿಂಗಳುಗಳಲ್ಲಿ ನೀರಿನಲ್ಲಿ ಕರಗಿ ಹೋಗುತ್ತದೆ, ಆಗ ಕವಾಟ ತೊಟ್ಟಿಕ್ಕತೊಡಗುತ್ತದೆ.

ಗಾಳಿಯನ್ನು ಮತ್ತೆ ತುಂಬುವುದಕ್ಕೆ ಹೊಸ ಭಾಗವೇನೂ ಬೇಕಿಲ್ಲ. ಹೀಟರ್ ನಿಲ್ಲಿಸಿ ನೀರು ತಣಿದ ಮೇಲೆ, ಪಂಪು ಮತ್ತು ಹೊರಸಂಪರ್ಕ ಮುಚ್ಚಿ, ಒಳಗಿನ ಬಿಸಿನೀರಿನ ನಲ್ಲಿಯನ್ನು ತೆರೆಯಬೇಕು. ಬಳಿಕ ಸುರಕ್ಷಾ ಕವಾಟದ ಹಿಡಿಯನ್ನು ಎತ್ತಿ ನೀರು ಹರಿಯುವುದು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಹಿಡಿಯನ್ನು ಬಿಟ್ಟು, ನಲ್ಲಿಯನ್ನು ಮುಚ್ಚಿ, ಪಂಪನ್ನು ಹಾಕಿದರೆ ನೆತ್ತಿಯಲ್ಲಿ ಗಾಳಿ ಉಳಿದುಕೊಳ್ಳುತ್ತದೆ. ಹೀಗೆ ಮಾಡಿದ ಮೇಲೂ ತಣ್ಣಗಿರುವಾಗಲೇ ಸೋರಿದರೆ ಕವಾಟದ ಅಂಚಿನಲ್ಲಿ ಕಸ ಸಿಕ್ಕಿದೆ ಅಥವಾ ಅದು ಸವೆದಿದೆ. ಅದೇ ಅಳತೆಯ, ಅದೇ ಮಿತಿಯ ಹೊಸ ಕವಾಟ ಹಾಕಬೇಕು. ಸೋರುವ ಬಾಯಿಗೆ ಬಿರಡೆ ಜಡಿಯುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಹಾಗೆ ಮಾಡಿದ ಹೀಟರ್ ಥರ್ಮೋಸ್ಟಾಟ್ ಮತ್ತು ಮಿತಿ ಸ್ವಿಚ್‌ಗಳ ಭರವಸೆಯೊಂದರ ಮೇಲೆ ನಿಂತ ಬಾಯ್ಲರ್ ಆಗುತ್ತದೆ.

ಉರಿ ಹೊತ್ತದಿರುವುದು

ಹೀಟರ್ ಹೊತ್ತದಿದ್ದರೆ ಮೊದಲು ಕಿವಿಗೊಡಬೇಕು. ಸ್ವಿಚ್ ಹಾಕಿದಾಗ ಯಾವ ಸದ್ದೂ ಇಲ್ಲದಿದ್ದರೆ ವಿದ್ಯುತ್ತಿನ ದೋಷ: ಬ್ಯಾಟರಿ ಇಳಿದಿರುವುದು, ಫ್ಯೂಸ್ ಹೋಗಿರುವುದು, ಮಿತಿ ಸ್ವಿಚ್ ಕಡಿದುಕೊಂಡಿರುವುದು. ಮಿತಿ ಸ್ವಿಚ್ಚಿನ ಗುಂಡಿಯನ್ನು ಒತ್ತಿ ಮರುಹೊಂದಿಸಬಹುದಾದರೂ, ಪದೇ ಪದೇ ಕಡಿದುಕೊಂಡರೆ ಥರ್ಮೋಸ್ಟಾಟನ್ನು ಬದಲಿಸಬೇಕು. ತಂತಿಯ ತುಂಡಿನಿಂದ ಸ್ವಿಚ್ಚನ್ನು ದಾಟಿಸಿ ಹೀಟರ್ ಓಡಿಸುವುದು ಸುರಕ್ಷಾ ಕವಾಟವನ್ನು ಮುಚ್ಚಿದಷ್ಟೇ ಅಪಾಯಕರ.

ಟಿಕ್ ಟಿಕ್ ಎಂಬ ಕಿಡಿಯ ಸದ್ದು ಬಂದು ಉರಿ ಬಾರದಿದ್ದರೆ ಅನಿಲ ತಲುಪುತ್ತಿಲ್ಲ. ಸಿಲಿಂಡರ್ ಬದಲಿಸಿದ ನಂತರ ಕೊಳವೆಯಲ್ಲಿ ಗಾಳಿ ಸೇರಿರುವುದು ಇದಕ್ಕೆ ಸಾಮಾನ್ಯ ಕಾರಣ. ಒಲೆಯನ್ನು ಹೊತ್ತಿಸಿ ಒಂದು ನಿಮಿಷ ಉರಿಸಿದರೆ ಆ ಗಾಳಿ ಹೊರಹೋಗುತ್ತದೆ, ರೆಗ್ಯುಲೇಟರ್ ಸರಿಯಿದೆಯೇ ಎಂಬುದೂ ಗೊತ್ತಾಗುತ್ತದೆ. ಅಮೆರಿಕದ ವ್ಯವಸ್ಥೆಗಳಲ್ಲಿ ಅನಿಲದ ಒತ್ತಡ 11 ಇಂಚು ನೀರಿನ ಕಂಬದಷ್ಟು, ಎಂದರೆ ಸುಮಾರು 2.7 ಕಿಲೋಪ್ಯಾಸ್ಕಲ್ ಇರಬೇಕು.

ಉರಿ ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಿದರೆ ಫಲಕಕ್ಕೆ ಉರಿ ಕಾಣುತ್ತಿಲ್ಲವೆಂದರ್ಥ. ಎಲೆಕ್ಟ್ರೋಡ್‌ನ ಮಸಿಯನ್ನು ಒರೆಸಿ, ತುದಿಗಳ ನಡುವಿನ ಅಂತರ ಸುಮಾರು 3 ಮಿಲಿಮೀಟರ್ ಇದೆಯೇ, ಅದರ ಪಿಂಗಾಣಿ ಬಿರುಕು ಬಿಟ್ಟಿದೆಯೇ, ಬರ್ನರ್‌ನ ಭೂಸಂಪರ್ಕ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಫಲಕದ ಅಂಚಿನಲ್ಲಿರುವ ತಾಮ್ರದ ಸಂಪರ್ಕಗಳು ತೇವದಿಂದ ಮಬ್ಬಾಗುತ್ತವೆ. ಅವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದು ರಿಪೇರಿಯವರ ಹಳೆಯ ಉಪಾಯ. ಹೊಸ ಫಲಕ ಕೊಳ್ಳುವ ಮೊದಲು ಇದನ್ನು ಮಾಡಿ ನೋಡುವುದು ಲೇಸು.

ತಿಂಗಳುಗಟ್ಟಲೆ ನಿಂತ ವಾಹನದಲ್ಲಿ ಜೇಡ ಮತ್ತು ಮಣ್ಣಿನ ಗೂಡು ಕಟ್ಟುವ ಕಣಜಗಳು ಬರ್ನರ್ ಕೊಳವೆಯನ್ನು ಆಶ್ರಯಿಸುತ್ತವೆ. ಒಂದೆರಡು ಎಳೆ ಬಲೆಯೂ ಅನಿಲ ಮತ್ತು ಗಾಳಿಯ ಮಿಶ್ರಣವನ್ನು ಕೆಡಿಸಲು ಸಾಕು. ಆಗ ನೀಲಿಯಿರಬೇಕಾದ ಉರಿ ಹಳದಿಯಾಗುತ್ತದೆ, ಹೊಗೆಬಾಯಿಯ ಸುತ್ತ ಮಸಿ ಹಿಡಿಯುತ್ತದೆ, ತಡವಾಗಿ ಹೊತ್ತಿಕೊಳ್ಳುವಾಗ ಧಡ್ ಎಂಬ ಸದ್ದು ಬರುತ್ತದೆ. ಕೊಳವೆಯನ್ನು ಬಿಚ್ಚಿ ಸಣ್ಣ ಕುಂಚದಿಂದ ಶುಚಿಗೊಳಿಸಬೇಕು. ಅನಿಲ ಹೊಮ್ಮುವ ಹಿತ್ತಾಳೆಯ ಸೂಕ್ಷ್ಮ ರಂಧ್ರಕ್ಕೆ ಮಾತ್ರ ಸೂಜಿ, ತಂತಿ ತಾಗಿಸಬಾರದು: ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅನಿಲ ಹೆಚ್ಚಾಗಿ ಹರಿದು ಉರಿ ಶಾಶ್ವತವಾಗಿ ಕೆಡುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ನೆನೆಸಿ ಗಾಳಿಗೆ ಒಣಗಿಸುವುದೇ ಸರಿಯಾದ ಕ್ರಮ.

ವಿದ್ಯುತ್ ಕಾಯಿಲ್

ಕಾಯಿಲ್ ಸುಟ್ಟುಹೋಗುವುದಕ್ಕೆ ಅತಿ ಸಾಮಾನ್ಯವಾದ ಕಾರಣ ತೊಟ್ಟಿಯಲ್ಲಿ ನೀರಿಲ್ಲದೆ ಸ್ವಿಚ್ ಹಾಕುವುದು. ನೀರು ಶಾಖವನ್ನು ಒಯ್ಯದಿದ್ದರೆ ಕಾಯಿಲ್ ಬಲುಬೇಗ ಹಾಳಾಗುತ್ತದೆ. ಆದ್ದರಿಂದ ಒಳಗಿನ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಹರಿಯುವುದನ್ನು ಕಂಡ ಮೇಲೆಯೇ ವಿದ್ಯುತ್ತನ್ನು ಹಾಕಬೇಕು. 120 ವೋಲ್ಟ್‌ನ 1,440 ವ್ಯಾಟ್ ಕಾಯಿಲ್ 12 ಆಂಪಿಯರ್ ಎಳೆಯುತ್ತದೆ, ಅದರ ರೋಧ 10 ಓಮ್. ಸಂಪರ್ಕ ತಪ್ಪಿಸಿ ಮಲ್ಟಿಮೀಟರಿನಿಂದ ಅಳೆದಾಗ ರೋಧ ಅನಂತವೆಂದು ತೋರಿದರೆ ಕಾಯಿಲ್ ತುಂಡಾಗಿದೆ. ಕಾಯಿಲ್‌ನ ತುದಿಗೂ ತೊಟ್ಟಿಯ ಲೋಹಕ್ಕೂ ನಡುವೆ ಯಾವುದೇ ರೋಧ ಕಂಡರೆ ವಿದ್ಯುತ್ತು ಹೊರಮೈಗೆ ಸೋರುತ್ತಿದೆ. ಎರಡರಲ್ಲೂ ಹೊಸ ಕಾಯಿಲ್ ಮತ್ತು ಹೊಸ ವಾಷರ್ ಹಾಕುವುದೇ ಪರಿಹಾರ.

ಕೆಡದ ಹೀಟರ್ ಕೆಟ್ಟಂತೆ ಕಾಣುವುದು

ಹೀಟರ್ ಉರಿಯುತ್ತಿದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬರುವ ಪ್ರಸಂಗಗಳಲ್ಲಿ ದೋಷ ಅನೇಕ ವೇಳೆ ಹೀಟರ್‌ನಲ್ಲಿರುವುದಿಲ್ಲ. ಹಿಂಬದಿಯಲ್ಲಿರುವ ಬೈಪಾಸ್ ಕವಾಟಗಳನ್ನು ಚಳಿಗಾಲದಲ್ಲಿ ತಿರುಗಿಸಿ, ವಸಂತದಲ್ಲಿ ಹಿಂದಿರುಗಿಸಲು ಮರೆತಿದ್ದರೆ ತಣ್ಣೀರು ತೊಟ್ಟಿಯನ್ನು ಮುಟ್ಟದೆ ನೇರವಾಗಿ ಬಿಸಿನೀರಿನ ಕೊಳವೆಗೆ ಹರಿಯುತ್ತದೆ. ವಾಹನದ ಹೊರಬದಿಯ ಶವರ್‌ನ ಎರಡೂ ನಲ್ಲಿಗಳನ್ನು ತೆರೆದೇ ಬಿಟ್ಟು, ಹಿಡಿಯ ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿದ್ದರೂ ಹೀಗೆಯೇ: ಬಿಸಿ ಮತ್ತು ತಣ್ಣೀರು ಅಲ್ಲಿ ಬೆರೆತು ಇಡೀ ವಾಹನಕ್ಕೆ ಹಂಚಿಕೆಯಾಗುತ್ತದೆ.

ಬಿಸಿನೀರಿನಲ್ಲಿ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಇದನ್ನು ಉತ್ಪಾದಿಸುತ್ತವೆ. ಮೆಗ್ನೀಸಿಯಂ ದಂಡ ಕರಗುವಾಗ ನಡೆಯುವ ಕ್ರಿಯೆ ಅವುಗಳಿಗೆ ಅನುಕೂಲಕರ. ಕ್ಲೋರಿನ್ ಬೆರೆಸಿದ ನೀರಿನಿಂದ ತೊಟ್ಟಿಯನ್ನು ತೊಳೆಯುವುದು, ವಾಸನೆ ಮರುಕಳಿಸಿದರೆ ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೋಹದ ದಂಡ ಹಾಕುವುದು ರೂಢಿ. ಆದರೆ ಅಡುಗೆ ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್‌ನ ವಾಸನೆಯೂ ಇದನ್ನೇ ಹೋಲುತ್ತದೆ. ಯಾವುದೆಂದು ಸಂದೇಹವಿದ್ದಾಗ ಅನಿಲ ಸೋರಿಕೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ಎರಡು ವಾರ ಅಥವಾ ಹೆಚ್ಚು ಕಾಲ ಬಳಸದ ತೊಟ್ಟಿಯಲ್ಲಿ ದಹ್ಯವಾದ ಹೈಡ್ರೋಜನ್ ಅನಿಲವೂ ಸೇರಿಕೊಂಡಿರಬಹುದು. ಆದ್ದರಿಂದ ಮತ್ತೆ ಬಳಸುವ ಮೊದಲು ಹತ್ತಿರದಲ್ಲಿ ಬೆಂಕಿಯಿಲ್ಲದಂತೆ ನೋಡಿಕೊಂಡು, ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಬೇಕೆಂದು ತಯಾರಕರು ಎಚ್ಚರಿಸುತ್ತಾರೆ.

ಅನಿಲ ಮತ್ತು ಹೊಗೆ

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ ಅನಿಲ ನೆಲಮಟ್ಟದಲ್ಲಿ ಶೇಖರವಾಗುವುದರಿಂದ ಮೂಗಿಗೆ ತಡವಾಗಿ ತಿಳಿಯಬಹುದು. ಅನಿಲದ ಕೊಳವೆಯ ಯಾವುದೇ ಕೀಲನ್ನು ಬಿಚ್ಚಿ ಜೋಡಿಸಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಬೆಂಕಿಕಡ್ಡಿಯಿಂದ ಪರೀಕ್ಷಿಸುವುದು ನಿಷಿದ್ಧ. ಅನಿಲ ಕವಾಟವನ್ನೇ ಬಿಚ್ಚಿ ರಿಪೇರಿ ಮಾಡಲಾಗದು. ಅದನ್ನು ಬದಲಿಸುವ ಕೆಲಸ ತರಬೇತಿ ಪಡೆದವರದ್ದು.

ಗಾಳಿ ಸಾಲದ ಉರಿಯಿಂದ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಬೆಂಗಳೂರು ಸೇರಿದಂತೆ ಭಾರತದ ನಗರಗಳಲ್ಲಿ ಮುಚ್ಚಿದ ಸ್ನಾನಗೃಹದೊಳಗೆ ಅಳವಡಿಸಿದ ಗ್ಯಾಸ್ ಗೀಸರ್‌ಗಳಿಂದ ಸಂಭವಿಸುವ ಸಾವುಗಳಿಗೆ ಇದೇ ಕಾರಣ. ಮೋಟಾರ್‌ಹೋಮ್ ಹೀಟರ್‌ನ ಬೆಂಕಿ ಪೂರ್ತಿಯಾಗಿ ಹೊರಗಿನ ಗಾಳಿಯೊಂದಿಗೆ ವ್ಯವಹರಿಸುವಂತೆ ರಚಿಸಿರುವುದು ಈ ಅಪಾಯವನ್ನು ತಪ್ಪಿಸಲೆಂದೇ. ಆದ್ದರಿಂದ ಹೊರಬಾಗಿಲಿನ ಜಾಲರಿಯನ್ನು ಚಳಿ ತಡೆಯಲು ಮುಚ್ಚುವುದು, ಹೊಗೆಬಾಯಿಯ ಎದುರು ಡೇರೆಯನ್ನು ಒತ್ತಾಗಿ ಕಟ್ಟುವುದು ಅಪಾಯಕರ.

ಚಳಿಗಾಲದ ಸಿದ್ಧತೆ

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ತೊಟ್ಟಿಯನ್ನೂ ಕೊಳವೆಯನ್ನೂ ಸೀಳುತ್ತದೆ. ತಾಪಮಾನ ಸೊನ್ನೆಗಿಂತ ಕೆಳಗಿಳಿಯುವ ಪ್ರದೇಶಗಳಲ್ಲಿ ತೊಟ್ಟಿಯನ್ನು ಬರಿದು ಮಾಡಿ, ಬೈಪಾಸ್ ಕವಾಟಗಳನ್ನು ತಿರುಗಿಸಿ, ಉಳಿದ ಕೊಳವೆಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ, ವಿಷಕಾರಿಯಲ್ಲದ ಗುಲಾಬಿ ಬಣ್ಣದ ದ್ರವ ತುಂಬಲಾಗುತ್ತದೆ. ಬೈಪಾಸ್ ಇಲ್ಲದಿದ್ದರೆ ತೊಟ್ಟಿಯನ್ನು ತುಂಬಲಿಕ್ಕೇ 6 ಅಥವಾ 10 ಗ್ಯಾಲನ್ ದ್ರವ ವ್ಯರ್ಥವಾಗುತ್ತದೆ. ಎಂಜಿನ್ನಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಕೊಳವೆಗೆ ಅದನ್ನು ಎಂದೂ ಬಳಸಬಾರದು.

ಯುರೋಪಿನ ಮಾದರಿಗಳು

ಜರ್ಮನಿಯ ಮ್ಯೂನಿಕ್ ಬಳಿಯ ಟ್ರೂಮಾ ಕಂಪನಿಯ ಕಾಂಬಿ ಹೀಟರ್ 10 ಲೀಟರ್ ನೀರನ್ನು ಕಾಯಿಸುವುದರ ಜೊತೆಗೆ ವಾಹನದೊಳಗಿನ ಗಾಳಿಯನ್ನೂ ಬೆಚ್ಚಗಾಗಿಸುತ್ತದೆ. ಅದರ ತೊಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾದ್ದರಿಂದ ಆನೋಡ್ ದಂಡವಿಲ್ಲ; ಸುಣ್ಣ ತೆಗೆಯುವುದೇ ಮುಖ್ಯ ನಿರ್ವಹಣೆ. ಹಿಮದಿಂದ ರಕ್ಷಿಸಲು ಇದರಲ್ಲಿ ತಾನಾಗಿ ತೆರೆದುಕೊಳ್ಳುವ ಕವಾಟವಿದೆ. ಅದರ ಸುತ್ತಲಿನ ತಾಪ ಸುಮಾರು 3 ಡಿಗ್ರಿಗೆ ಇಳಿದಾಗ ಕವಾಟ ತೆರೆದು ತೊಟ್ಟಿಯ ನೀರನ್ನೆಲ್ಲ ವಾಹನದ ಕೆಳಗೆ ಸುರಿಸಿಬಿಡುತ್ತದೆ. ಶರತ್ಕಾಲದ ಮುಂಜಾನೆ ವಾಹನದಡಿ ನೀರು ಕಂಡು ತೊಟ್ಟಿ ಒಡೆದಿದೆಯೆಂದು ಹೊಸ ಮಾಲೀಕರು ಗಾಬರಿಯಾಗುವುದು ಇದರಿಂದಲೇ. ಕವಾಟದ ಬಳಿಯ ತಾಪ ಸುಮಾರು 7 ಡಿಗ್ರಿ ದಾಟುವವರೆಗೆ ಅದನ್ನು ಮುಚ್ಚಲಾಗದು. ಮೊದಲು ವಾಹನದ ಒಳಾವರಣವನ್ನು ಬೆಚ್ಚಗಾಗಿಸಿ, ನಂತರ ಗುಂಡಿಯನ್ನು ಕೈಯಿಂದ ಒತ್ತಿ ಮುಚ್ಚಿ, ತೊಟ್ಟಿಗೆ ಮತ್ತೆ ನೀರು ತುಂಬಬೇಕಾಗುತ್ತದೆ.